ಸ್ಟ್ರೋಕ್ ಆದ ಮೇಲೆ ಉಸಿರೇರಿಸುವ ವ್ಯಾಯಾಮ: ಯಾವಾಗ ಶುರು, ಎಷ್ಟು, ಹೇಗೆ

“ಅಪ್ಪನಿಗೆ ಫಿಸಿಯೋ ಆಗ್ತಾ ಉಂಟಲ್ಲ, ಮತ್ತೆ ಬೇರೆ ವ್ಯಾಯಾಮ ಯಾಕೆ?” ಉಡುಪಿ, ಮಂಗಳೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: “ವಾಕಿಂಗ್ ಮಾಡಿದ್ರೆ ಮೆದುಳಿಗೆ ಒಳ್ಳೆಯದಂತೆ, ಹೌದಾ? ಎಷ್ಟು ಮಾಡಿಸ್ಲಿಕ್ಕೆ ಆಗ್ತದೆ?” ಎರಡಕ್ಕೂ ಒಟ್ಟಿಗೆ ಉತ್ತರಿಸುತ್ತೇನೆ. ಸ್ಟ್ರೋಕ್ ಆಗಿ (ಲಕ್ವ, ಪಕ್ಷವಾತ, ಪಾರ್ಶ್ವವಾಯು ಎಲ್ಲ ಇದೇ) ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಿಕೊಳ್ಳುವ ಮನೆಮಂದಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಸ್ಟ್ರೋಕ್ ಆದವರೇ ಓದುತ್ತಿದ್ದರೆ ಇನ್ನೂ ಒಳ್ಳೆಯದು.

ಫಿಸಿಯೋಥೆರಪಿಯಲ್ಲಿ ಬೆರಳು ಮಡಚುವುದು, ಭುಜ ಎತ್ತುವುದು, ಎದ್ದು ನಿಲ್ಲುವುದು, ಹೆಜ್ಜೆ ಇಡುವುದನ್ನು ಮತ್ತೆ ಕಲಿಸುತ್ತಾರೆ. ಅದು ಬೇಕೇ ಬೇಕು. ಆದರೆ ಅಲ್ಲಿ ನಡುನಡುವೆ ವಿಶ್ರಾಂತಿ ಇರುತ್ತದೆ, ಎದೆಬಡಿತ ಅಷ್ಟಾಗಿ ಏರುವುದಿಲ್ಲ. ಉಸಿರೇರಿಸುವ ವ್ಯಾಯಾಮದ, ಅಂದರೆ ಏರೋಬಿಕ್ ವ್ಯಾಯಾಮದ ಗುರಿಯೇ ಬೇರೆ. ತೊಡೆ, ಸೊಂಟದಂಥ ದೊಡ್ಡ ಸ್ನಾಯುಗಳನ್ನು ಒಂದೇ ಲಯದಲ್ಲಿ ಕೆಲವು ನಿಮಿಷ ಬಿಡದೆ ದುಡಿಸಬೇಕು. ಉಸಿರು ಮತ್ತು ಎದೆಬಡಿತ ಏರಬೇಕು. ಏರಿದ ಮಟ್ಟದಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಚಾವಡಿಯಿಂದ ಅಡುಗೆಮನೆಗೆ ನಾಲ್ಕು ಸಲ ಹೋಗಿಬಂದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಎಣ್ಣೆ ಹಾಕಿ ತಿಕ್ಕಿಸಿಕೊಂಡದ್ದೂ ಬರುವುದಿಲ್ಲ. ಅದರಿಂದ ಮೈ ಹಗುರಾಗಬಹುದು, ಆದರೆ ಅಲ್ಲಿ ಬೆವರುವವರು ತಿಕ್ಕುವವರು.

ಇದಕ್ಕೆ ಇಷ್ಟು ಒತ್ತು ಯಾಕೆ? ಸ್ಟ್ರೋಕ್ ಆದವರ ದೇಹದ ದಮ್ಮು, ಅಂದರೆ ದುಡಿಮೆಯ ಹೊತ್ತಿನಲ್ಲಿ ಆಮ್ಲಜನಕ ಬಳಸುವ ಶಕ್ತಿ, ಅದೇ ವಯಸ್ಸಿನ ಆರೋಗ್ಯವಂತರದ್ದಕ್ಕಿಂತ ತುಂಬ ಕಡಿಮೆ, ಅನೇಕರಲ್ಲಿ ಅರ್ಧದಷ್ಟು. ಮೇಲಾಗಿ ಒಂದು ಬದಿ ಸೋತಿರುವುದರಿಂದ ಅದೇ ಹತ್ತು ಹೆಜ್ಜೆಗೆ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಸ್ನಾನ ಮಾಡಿ ಬಂದರೇ ಸುಸ್ತು. ಸುಸ್ತು ಅಂತ ಮಲಗಿದರೆ ದಮ್ಮು ಇನ್ನೂ ಇಳಿಯುತ್ತದೆ. “ಪಾಪ, ಮಲಗ್ಲಿ ಬಿಡಿ” ಎನ್ನುವ ಮನೆಯವರ ಪ್ರೀತಿ ಇಲ್ಲಿ ತಿರುಗುಬಾಣವಾಗುತ್ತದೆ.

ಮೆದುಳಿನ ವಿಷಯಕ್ಕೆ ಬರೋಣ. ಎದೆಬಡಿತ ಏರಿದಾಗ ಮೆದುಳಿಗೆ ರಕ್ತದ ಹರಿವು ಸುಧಾರಿಸುತ್ತದೆ. ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚು ತಯಾರಾಗುತ್ತದೆ; ನರಕೋಶಗಳ ನಡುವೆ ಹೊಸ ಸಂಪರ್ಕ ಬೆಳೆಯಲು ಇದು ನೆರವಾಗುತ್ತದೆ. ಉಳಿದ ಭಾಗ ಹಾಳಾದ ಭಾಗದ ಕೆಲಸವನ್ನು ಕಲಿತುಕೊಳ್ಳುವ ಈ ಗುಣಕ್ಕೆ ನ್ಯೂರೋಪ್ಲಾಸ್ಟಿಸಿಟಿ ಎಂದು ಹೆಸರು. ಜೊತೆಗೆ ಬಿಪಿ, ಸಕ್ಕರೆ ಹತೋಟಿಗೆ ಬರುತ್ತವೆ, ನಿದ್ದೆ ಸುಧಾರಿಸುತ್ತದೆ, ಮನಸ್ಸಿನ ಕುಗ್ಗು ಕಡಿಮೆಯಾಗುತ್ತದೆ. ಇನ್ನೊಂದು ಸ್ಟ್ರೋಕ್ ಬಾರದಂತೆ ತಡೆಯುವುದರಲ್ಲಿ ಬಿಪಿ ಇಳಿಕೆಯ ಪಾಲು ದೊಡ್ಡದು.

ಆದರೆ ವಾಟ್ಸಾಪಿನಲ್ಲಿ ಸುತ್ತುವ ಒಂದು ಮಾತನ್ನು ಸರಿಯಾಗಿ ತಿಳಿದಿರಿ. “ನಡೆದರೆ ಮೆದುಳು ಬೆಳೆಯುತ್ತದೆ” ಎನ್ನುವುದಕ್ಕೆ ಮೂಲ 2011ರ ಒಂದು ಅಮೆರಿಕನ್ ಅಧ್ಯಯನ. 120 ಹಿರಿಯರು ಅದರಲ್ಲಿದ್ದರು. ಒಂದು ವರ್ಷ ನಡಿಗೆಯ ವ್ಯಾಯಾಮ ಮಾಡಿದ ಗುಂಪಿನಲ್ಲಿ ಹಿಪೊಕ್ಯಾಂಪಸ್, ಅಂದರೆ ನೆನಪಿಗೆ ಮುಖ್ಯವಾದ ಮೆದುಳಿನ ಭಾಗ, ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಅವರು ಸ್ಟ್ರೋಕ್ ಆದವರಲ್ಲ. ಸ್ಟ್ರೋಕ್ ಆದವರ ಮೇಲಿನ ಹತ್ತಾರು ಪ್ರಯೋಗಗಳನ್ನು ಒಟ್ಟುಹಾಕಿದ 2020ರ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಸಂಸ್ಥೆ) ವಿಮರ್ಶೆಯ ಪ್ರಕಾರ ಏರೋಬಿಕ್ ವ್ಯಾಯಾಮದಿಂದ ದಮ್ಮು, ನಡಿಗೆಯ ವೇಗ, ಸಮತೋಲನ ಸುಧಾರಿಸುವುದು ಗಟ್ಟಿ. ನೆನಪು, ಗಮನದ ಬಗ್ಗೆ ಪುರಾವೆ ಇನ್ನೂ ತೆಳು. ನನ್ನ ಅಭಿಪ್ರಾಯದಲ್ಲಿ ಮೊದಲಿನ ಮೂರೇ ಸಾಕು ಶುರುಮಾಡಲಿಕ್ಕೆ. ಮರೆವು ಪೂರಾ ಹೋಗಿಬಿಡುತ್ತದೆ ಎಂದು ಮನೆಯವರಿಗೆ ಆಸೆ ಹುಟ್ಟಿಸಿದರೆ ಎರಡೇ ತಿಂಗಳಿಗೆ ಕೈಬಿಡುತ್ತಾರೆ.

ಹಂತ 1: ವೈದ್ಯರ ಒಪ್ಪಿಗೆ

ಇದನ್ನು ಹಾರಿಸಬೇಡಿ. ಸ್ಟ್ರೋಕ್ ಆದವರಲ್ಲಿ ಅನೇಕರಿಗೆ ಹೃದಯದ ರಕ್ತನಾಳಗಳಲ್ಲೂ ತೊಂದರೆ ಇರುತ್ತದೆ, ಎಷ್ಟೋ ಸಲ ಗೊತ್ತೇ ಇಲ್ಲದೆ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲಿ ತೋರಿಸಿರಲಿ, ಮಣಿಪಾಲದಲ್ಲಿ ತೋರಿಸಿರಲಿ, ಮುಂದಿನ ಸಲ ಚೆಕಪ್‌ಗೆ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

- ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕಾ, ಒಡೆದು ಆದದ್ದಾ? ಒಡೆದದ್ದಾದರೆ ವ್ಯಾಯಾಮ ಎಂದಿನಿಂದ ಶುರುಮಾಡಬಹುದು?
- ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಸರಿ ಇವೆಯೇ? ವ್ಯಾಯಾಮದ ಮೊದಲು ಬೇರೆ ಪರೀಕ್ಷೆ ಬೇಕೇ?
- ಎದೆಬಡಿತ ಎಷ್ಟಕ್ಕೆ ಹೋಗಬಹುದು? ಬಿಪಿ ಎಷ್ಟಿದ್ದರೆ ಆ ದಿನ ಬಿಡಬೇಕು?
- ಮಾತ್ರೆಗಳಲ್ಲಿ ಬೀಟಾ ಬ್ಲಾಕರ್ ಇದೆಯೇ? (ಮೆಟೊಪ್ರೊಲಾಲ್, ಅಟೆನೊಲಾಲ್ ಈ ಜಾತಿಯವು. ಎದೆಬಡಿತವನ್ನು ಇವು ತಗ್ಗಿಸಿ ಹಿಡಿಯುತ್ತವೆ.)

“ಸ್ವಲ್ಪ ವಾಕಿಂಗ್ ಮಾಡಿಸಿ” ಎಂದಷ್ಟೇ ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ. ಅದೇ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿಕೊಳ್ಳಿ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು, ಆಗ ನಾಡಿ, ಬಿಪಿ ಎಷ್ಟಾಯಿತು ಎಂದು ಬರೆದುಕೊಡುತ್ತಾರೆ. ಮುಂದಿನ ಲೆಕ್ಕಕ್ಕೆಲ್ಲ ಅದೇ ಬುಡ.

ಬೇಗ ಶುರುಮಾಡಿದಷ್ಟೂ ಒಳ್ಳೆಯದು ಎಂದು ಆತುರ ಬೇಡ. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ, ಸ್ಟ್ರೋಕ್ ಆದ 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿ ನಡೆಸಿದವರು ಮೂರು ತಿಂಗಳ ಹೊತ್ತಿಗೆ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಆ ಮೊದಲ ದಿನಗಳು ಆಸ್ಪತ್ರೆಯವರ ಜವಾಬ್ದಾರಿ. ಇನ್ನೊಂದು ಕಡೆ “ಆರು ತಿಂಗಳು ಕಳೆದರೆ ಮತ್ತೆ ಏನೂ ಆಗುವುದಿಲ್ಲ” ಎನ್ನುವುದೂ ತಪ್ಪು. ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು, ಅದು ನಿಜ. ಆದರೆ ದಮ್ಮು ವರ್ಷಗಳ ನಂತರವೂ ಏರುತ್ತದೆ. ಏರೋಬಿಕ್ ಪ್ರಯೋಗಗಳಲ್ಲಿ ಬಹಳಷ್ಟು ನಡೆದದ್ದು ಹಾಗೆ ಹಳೆಯದಾದ ಸ್ಟ್ರೋಕ್ ಇದ್ದವರ ಮೇಲೇ.

ಹಂತ 2: ಸಾಮಾನು

ತೋಳಿಗೆ ಕಟ್ಟುವ ಬಿಪಿ ಯಂತ್ರ ಒಂದು, ಅದನ್ನು ಸೋತಿಲ್ಲದ ಕೈಗೆ ಕಟ್ಟಿ. ಗಡಿಯಾರ ಒಂದು. ಹಿಮ್ಮಡಿಗೆ ಪಟ್ಟಿ ಇರುವ ಅಥವಾ ಪೂರಾ ಮುಚ್ಚುವ ಶೂ. ಹವಾಯಿ ಚಪ್ಪಲಿ ಖಂಡಿತ ಬೇಡ, ಸೋತ ಕಾಲಿನಿಂದ ಅದು ಜಾರುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಪಾದದ ತುದಿ ನೆಲಕ್ಕೆ ಎಳೆಯುತ್ತಿದ್ದರೆ (ಫುಟ್ ಡ್ರಾಪ್ ಎನ್ನುವುದು ಇದಕ್ಕೇ) ಎಎಫ್‌ಒ ಎಂಬ, ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಬೇಕಾಗುತ್ತದೆ. ಅಳತೆಗೆ ಮಾಡಿಸಿಕೊಳ್ಳುವುದೇ ಮೇಲು. ಸಿದ್ಧವಾಗಿ ಸಿಗುವುದನ್ನು ತಂದರೆ ಕಣಕಾಲಿನ ಹತ್ತಿರ ಒತ್ತಿ ಹುಣ್ಣಾಗುವುದುಂಟು. ದಿನಾ ತೆಗೆದು ಚರ್ಮ ನೋಡಿ, ಸಕ್ಕರೆ ಕಾಯಿಲೆ ಇದ್ದರೆ ತಪ್ಪದೆ ನೋಡಿ.

ಗಟ್ಟಿ ಮರದ ಕುರ್ಚಿ ಒಂದು. ಹಗುರದ ಪ್ಲಾಸ್ಟಿಕ್ ಕುರ್ಚಿ ಕಾವಿ ನೆಲದ ಮೇಲೂ ಟೈಲ್ಸ್ ಮೇಲೂ ಜಾರುತ್ತದೆ. ಬೇರೆ ಇಲ್ಲದಿದ್ದರೆ ಅದರ ಬೆನ್ನು ಗೋಡೆಗೆ ತಾಗಿಸಿಟ್ಟು ಬಳಸಿ.

ಹಂತ 3: ಎಷ್ಟು ಜೋರು ಎಂದು ಗುರುತಿಸುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನವರು ತೀರಾ ಮೆಲ್ಲಗೆ ಮಾಡುತ್ತಾರೆ, ಏನೂ ಪ್ರಯೋಜನವಾಗುವುದಿಲ್ಲ. ಕೆಲವರು ಹಟಕ್ಕೆ ಬಿದ್ದು ಎರಡೇ ದಿನದಲ್ಲಿ ದಣಿದು ಮಲಗುತ್ತಾರೆ.

ಅತಿ ಸುಲಭದ ಅಳತೆ ಮಾತು. ವ್ಯಾಯಾಮ ಮಾಡುತ್ತಿರುವಾಗ ಒಂದು ಸಣ್ಣ ವಾಕ್ಯ ಹೇಳಲು ಆಗಬೇಕು, ಹಾಡಲು ಆಗಬಾರದು. ಹಾಡಲು ಬಂದರೆ ಇನ್ನೂ ಜೋರು ಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆಯುತ್ತಿದ್ದರೆ ಜಾಸ್ತಿಯಾಯಿತು.

ಸ್ಟ್ರೋಕಿನಿಂದ ಮಾತೇ ಹೋಗಿದ್ದರೆ? ಆ ತೊಂದರೆಗೆ ಅಫೇಸಿಯಾ ಎನ್ನುತ್ತಾರೆ. ಅಂಥವರಿಗೆ ಒಂದು ರಟ್ಟಿನ ಮೇಲೆ ನಗುಮುಖದಿಂದ ಏದುಸಿರಿನ ಮುಖದವರೆಗೆ ಐದು ಚಿತ್ರ ಬರೆದು ಕೊಡಿ, ಬೆರಳಿಟ್ಟು ತೋರಿಸಲಿ. ನಡುವಿನ ಚಿತ್ರಕ್ಕೆ ಬೆರಳು ಬರಬೇಕು. ಆಸ್ಪತ್ರೆಗಳಲ್ಲಿ 6ರಿಂದ 20ರವರೆಗಿನ ಬೋರ್ಗ್ ಅಳತೆ ಬಳಸುತ್ತಾರೆ; ಅದರಲ್ಲಿ 11ರಿಂದ 14, ಅಂದರೆ “ಹಗುರ” ಮತ್ತು “ತುಸು ಕಷ್ಟ” ಎಂಬುದರ ಆಸುಪಾಸು, ಸ್ಟ್ರೋಕ್ ಆದವರಿಗೆ ಹೇಳಿದ ಮಟ್ಟ.

ನಾಡಿಯ ಲೆಕ್ಕವೂ ಉಂಟು. 220ರಿಂದ ವಯಸ್ಸನ್ನು ಕಳೆಯಿರಿ. ಬಂದದ್ದರಿಂದ ವಿಶ್ರಾಂತಿಯಲ್ಲಿರುವಾಗಿನ ನಾಡಿಯನ್ನು ಕಳೆಯಿರಿ. ಉಳಿದದ್ದರ ಶೇ. 40ರಿಂದ 70ರಷ್ಟನ್ನು ವಿಶ್ರಾಂತಿಯ ನಾಡಿಗೆ ಕೂಡಿಸಿದರೆ ಗುರಿ ಸಿಗುತ್ತದೆ. 62 ವರ್ಷದವರು, ವಿಶ್ರಾಂತಿಯ ನಾಡಿ 78 ಎಂದಿಟ್ಟುಕೊಳ್ಳಿ: 220 ಕಳೆ 62 ಅಂದರೆ 158, ಅದರಿಂದ 78 ಕಳೆದರೆ 80. ಅದರ ಶೇ. 40 ಎಂದರೆ 32, ಶೇ. 70 ಎಂದರೆ 56. ಹಾಗಾಗಿ ಗುರಿ ನಿಮಿಷಕ್ಕೆ 110ರಿಂದ 134. ಮೊದಲ ವಾರಗಳಲ್ಲಿ 110ರ ಹತ್ತಿರವೇ ಇರಿ.

ಎರಡು ಎಚ್ಚರ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ನಾಡಿ 100 ದಾಟಲಿಲ್ಲ ಅಂತ ಓಡಿಸಬೇಡಿ, ಉಸಿರಿನ ಅಳತೆಯನ್ನೇ ನಂಬಿ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎದೆಬಡಿತ ತಾಳತಪ್ಪುವ ತೊಂದರೆ ಇದ್ದರೆ ಕೈಗೆ ಕಟ್ಟುವ ವಾಚಿನ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಹಂತ 4: ಯಾವ ವ್ಯಾಯಾಮ

ನಡೆಯಲು ಆಗದವರು ಕುಳಿತೇ ಮಾಡಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ “ಅಮ್ಮ ನಡೆಯಲಿ, ಮತ್ತೆ ನೋಡುವ” ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಕುರ್ಚಿಯಲ್ಲಿ ಕುಳಿತು ಒಂದಾದ ಮೇಲೊಂದು ಮಂಡಿ ಎತ್ತುವುದು, ಅದಕ್ಕೆ ಸರಿಯಾಗಿ ಒಳ್ಳೆಯ ಕೈ ಬೀಸುವುದು. ಲಯಕ್ಕೆ ಬೇಕಿದ್ದರೆ ಭಜನೆ ಹಾಕಿ, ಚೆಂಡೆಯ ಪದ್ಯವೂ ಆದೀತು. ಸೋತ ಕಾಲು ಪೂರ್ತಿ ಏಳದಿದ್ದರೂ ಎದೆಬಡಿತ ಏರುತ್ತದೆ.

ಕುರ್ಚಿಯ ಮುಂದೆ ಇಡುವ ಸಣ್ಣ ಪೆಡಲ್ ಯಂತ್ರ ಒಳ್ಳೆಯದು. ಅದು ಮುಂದಕ್ಕೆ ಸರಿಯದಂತೆ ಗೋಡೆಗೆ ಒತ್ತಿಸಿಡಿ, ಸೋತ ಪಾದವನ್ನು ಪಟ್ಟಿಯಿಂದ ಪೆಡಲ್‌ಗೆ ಕಟ್ಟಿ. ಒಳ್ಳೆಯ ಕಾಲೇ ಎಲ್ಲ ಕೆಲಸ ಮಾಡಿಬಿಡುತ್ತದೆ, ಆ ಕಡೆ ಕಣ್ಣಿರಲಿ. ಬೆನ್ನಿಗೆ ಒರಗು ಇರುವ, ಇದ್ದಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಇನ್ನೂ ಮೇಲು. ಟ್ರೆಡ್‌ಮಿಲ್ ಮಾತ್ರ ಮನೆಯಲ್ಲಿ ಬೇಡ. ಮೈಗೆ ಪಟ್ಟಿ ಕಟ್ಟಿ, ಪಕ್ಕದಲ್ಲಿ ಥೆರಪಿಸ್ಟ್ ನಿಂತು ಮಾಡಿಸುವಲ್ಲಿ ಮಾತ್ರ. ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ಮೆಲ್ಲಗೆ ಎಂಬ ಇಂಟರ್ವಲ್ ಕ್ರಮಕ್ಕೂ ಇದೇ ಮಾತು.

ನಡೆಯಬಲ್ಲವರಿಗೆ ಜಾಗದ ಆಯ್ಕೆಯೇ ಅರ್ಧ ಕೆಲಸ. ನಮ್ಮ ಊರು ಏರುತಗ್ಗಿನದ್ದು. ಮಂಗಳೂರಿನ ಲೈಟ್‌ಹೌಸ್ ಹಿಲ್, ಕದ್ರಿ ಗುಡ್ಡದ ಏರು ಮೊದಲ ತಿಂಗಳುಗಳಿಗಲ್ಲ. ಕದ್ರಿ ಪಾರ್ಕಿನೊಳಗಿನ ಸಮತಟ್ಟು ದಾರಿ, ಮಂಗಳಾ ಸ್ಟೇಡಿಯಂ, ಉಡುಪಿಯ ಅಜ್ಜರಕಾಡು, ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತಿನ ದಾರಿ ಇವೆಲ್ಲ ಆಗಬಹುದು; ಮೊದಲು ನೀವೊಬ್ಬರೇ ಹೋಗಿ ಕುಳಿತುಕೊಳ್ಳುವ ಬೆಂಚು ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ನೋಡಿ ಬನ್ನಿ. ಮಲ್ಪೆ, ಪಣಂಬೂರು ಕಡಲತೀರಕ್ಕೆ ಗಾಳಿಗೆಂದು ಕರೆದೊಯ್ಯಿರಿ, ವ್ಯಾಯಾಮಕ್ಕೆ ಬೇಡ. ಒಣ ಹೊಯ್ಗೆಯಲ್ಲಿ ಪಾದ ಹೂತು ಕಣಕಾಲು ಹೊರಳುತ್ತದೆ, ನೀರಿನಂಚಿನ ಗಟ್ಟಿ ಹೊಯ್ಗೆ ಒಂದು ಬದಿಗೆ ವಾಲಿರುತ್ತದೆ. ರಥಬೀದಿಯಲ್ಲಿ ಬೆಳಿಗ್ಗೆ ಬೇಗ ನಡೆಯುವುದು ಚಂದ, ಆದರೆ ಬಿಸಿಲೇರಿದ ಮೇಲೆ ಬರಿಗಾಲಿನಲ್ಲಿ ಬೇಡ. ಸ್ಪರ್ಶ ತಿಳಿಯದ ಪಾದಕ್ಕೆ ಸುಟ್ಟದ್ದು ಮನೆಗೆ ಬಂದು ಬೊಕ್ಕೆ ನೋಡಿದಾಗಲೇ ಗೊತ್ತಾಗುವುದು.

ಜೊತೆಗೆ ನಡೆಯುವವರು ಸೋತ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಬೇಕು. ಬೀಳುವಂತಾದರೆ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿಯಿರಿ. ಸೋತ ಕೈಯನ್ನು ಮಾತ್ರ ಹಿಡಿದೆಳೆಯಬೇಡಿ. ಬಲವಿಲ್ಲದ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಕೊಡುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಹಂತ 5: ವಾರದ ಕ್ರಮ

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಕೊಟ್ಟ ಸಲಹೆ: ವಾರಕ್ಕೆ 3ರಿಂದ 5 ದಿನ, ಸಲಕ್ಕೆ 20ರಿಂದ 60 ನಿಮಿಷ, ಬೇಕಿದ್ದರೆ ಹತ್ತತ್ತು ನಿಮಿಷದ ತುಂಡುಗಳಾಗಿ, ಮೊದಲು ಮತ್ತು ಕೊನೆಗೆ 5ರಿಂದ 10 ನಿಮಿಷ ಮೆಲ್ಲನೆಯ ಚಲನೆ. ಅಲ್ಲಿಗೆ ತಲುಪಲು ಹೀಗೆ ಹೋಗಬಹುದು:

1. ಮೊದಲ ಎರಡು ವಾರ: ದಿನಕ್ಕೆ ಮೂರು ಸಲ, ಐದೈದು ನಿಮಿಷ. ಮೂರು ನಿಮಿಷಕ್ಕೇ ಸುಸ್ತಾದರೆ ಮೂರೇ ಇರಲಿ.
2. ಮೂರು, ನಾಲ್ಕನೆಯ ವಾರ: ದಿನಕ್ಕೆ ಎರಡು ಸಲ, ಹತ್ತು ನಿಮಿಷ.
3. ಎಂಟನೆಯ ವಾರದ ಹೊತ್ತಿಗೆ: ನಿಲ್ಲದೆ 20 ನಿಮಿಷ.
4. ಹನ್ನೆರಡನೆಯ ವಾರದ ಹೊತ್ತಿಗೆ: 30 ನಿಮಿಷ, ವಾರಕ್ಕೆ ಐದು ದಿನ.

ಮೊದಲು ನಿಮಿಷ ಹೆಚ್ಚಿಸಿ, ಆಮೇಲೆ ವೇಗ. ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ. ಮರುದಿನ ಏಳುವಾಗ ಹಿಂದಿನ ದಿನದ ಸುಸ್ತು ಉಳಿದಿದ್ದರೆ ಅಳತೆ ಮೀರಿದೆ, ಒಂದು ಮೆಟ್ಟಿಲು ಕೆಳಗಿಳಿಯಿರಿ. ಸ್ಟ್ರೋಕ್ ನಂತರದ ದಣಿವು ಸೋಮಾರಿತನವಲ್ಲ, ಅದು ಕಾಯಿಲೆಯದ್ದೇ ಭಾಗ; ಬೈದು ಎಬ್ಬಿಸಿದರೆ ಕೆಲಸ ಕೆಡುತ್ತದೆ. ದಿನದಲ್ಲಿ ಅವರು ಹೆಚ್ಚು ಚುರುಕಾಗಿರುವ ಹೊತ್ತನ್ನು ಗುರುತಿಸಿ ಅದಕ್ಕೆ ಹೊಂದಿಸಿಕೊಳ್ಳಿ. ಊಟವಾದ ಕೂಡಲೇ ಬೇಡ.

ಹಂತ 6: ಪ್ರತಿದಿನ ಮೊದಲು ನೋಡುವುದು

ಬಿಪಿ ಮಾತ್ರೆ ತೆಗೆದುಕೊಂಡಿದ್ದಾರೆಯೇ? ಐದು ನಿಮಿಷ ಕುಳಿತ ಮೇಲೆ ಬಿಪಿ ನೋಡಿ. ವೈದ್ಯರು ಬೇರೆ ಅಂಕಿ ಹೇಳಿರದಿದ್ದರೆ, ಮೇಲಿನದು 180 ಅಥವಾ ಕೆಳಗಿನದು 110 ಮುಟ್ಟಿದ್ದರೆ ಆ ದಿನ ವ್ಯಾಯಾಮ ಬಿಟ್ಟು ವೈದ್ಯರಿಗೆ ಫೋನ್ ಮಾಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ 100ಕ್ಕಿಂತ ಕೆಳಗಿದ್ದರೆ ಮೊದಲು ಒಂದು ಬಾಳೆಹಣ್ಣೋ ಎರಡು ಬಿಸ್ಕತ್ತೋ ಕೊಡಿ. 250 ದಾಟಿ ಮೈ ಸರಿಯಿಲ್ಲ ಎನಿಸಿದರೆ ಬೇಡ. ಜ್ವರ ಇದ್ದ ದಿನ ಬೇಡವೇ ಬೇಡ.

ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ತಣ್ಣನೆ ಬೆವರಿದರೆ, ತಲೆ ತಿರುಗಿದರೆ ನಿಲ್ಲಿಸಿ ಕೂರಿಸಿ. ಎದೆಯ ಹಿಡಿತ ಬಿಡದಿದ್ದರೆ 108ಕ್ಕೆ ಕರೆಮಾಡಿ. ಬಾಯಿ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಕೈಕಾಲಿನಲ್ಲಿ ಹೊಸದಾಗಿ ಬಲ ಹೋದರೆ, ಕಣ್ಣು ಮಂಜಾದರೆ ಒಂದು ಕ್ಷಣವೂ ಕಾಯದೆ 108. ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆದಿಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಕಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. “ಹಳೆಯ ಸ್ಟ್ರೋಕಿನದ್ದೇ ಇರಬೇಕು, ಬೆಳಿಗ್ಗೆ ನೋಡುವ” ಎಂದು ಮಲಗಿಸಿ ಆ ಹೊತ್ತು ಕಳೆದುಕೊಳ್ಳುವವರಿದ್ದಾರೆ.

ಹಂತ 7: ಸೆಕೆ ಮತ್ತು ಮಳೆ

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಅದೇ ವೇಗಕ್ಕೆ ಏಪ್ರಿಲ್‌ನಲ್ಲಿ ನಾಡಿ ಡಿಸೆಂಬರಿಗಿಂತ ಮೇಲಿರುತ್ತದೆ. ಆ ತಿಂಗಳುಗಳಲ್ಲಿ ಏಳು ಗಂಟೆಯೊಳಗೆ ಮುಗಿಸಿ, ಇಲ್ಲವೇ ಫ್ಯಾನಿನ ಕೆಳಗೆ ಮಾಡಿ, ವೇಗ ತಗ್ಗಿಸಿ. ನೀರು ಕೊಡಿ; ಹೃದಯ ಅಥವಾ ಕಿಡ್ನಿಗಾಗಿ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೊಳಗೆ. ನೀರು ಕುಡಿದರೆ ಕೆಮ್ಮು ಬರುವವರಿಗೆ ಏದುಸಿರು ಇಳಿದ ಮೇಲೆ, ನೆಟ್ಟಗೆ ಕುಳಿತು, ನುಂಗುವ ತೊಂದರೆಗೆ ಥೆರಪಿಸ್ಟ್ ಹೇಳಿಕೊಟ್ಟ ರೀತಿಯಲ್ಲೇ ಕೊಡಬೇಕು. ಬೆವರಿತೆಂದು ಗಂಜಿಗೆ ಉಪ್ಪು ಸುರಿದು, ಮೇಲೆ ಒಣಮೀನು, ಮಿಡಿ ಉಪ್ಪಿನಕಾಯಿ ಬಡಿಸಿದರೆ ವ್ಯಾಯಾಮದಿಂದ ಇಳಿದ ಬಿಪಿ ಮಧ್ಯಾಹ್ನಕ್ಕೇ ವಾಪಸು.

ಜೂನ್ ಬಂತೆಂದರೆ ಇನ್ನೊಂದು ತಾಪತ್ರಯ. ಅಂಗಳದಲ್ಲಿ ಪಾಚಿ, ಮುರಕಲ್ಲಿನ ಮೆಟ್ಟಿಲು ಜಾರು, ಹೊರಗೆ ಕಾಲಿಡುವ ಹಾಗಿಲ್ಲ. ನಾಲ್ಕು ತಿಂಗಳು ಬಿಟ್ಟರೆ ಕಟ್ಟಿದ ದಮ್ಮೆಲ್ಲ ಇಳಿಯುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಒಳಗಿನ ವ್ಯವಸ್ಥೆ ಮಾಡಿಕೊಳ್ಳಿ: ಚಾವಡಿಯಲ್ಲೋ ಜಗಲಿಯಲ್ಲೋ ಹತ್ತು ಮೀಟರ್ ಅಳೆದು ಎರಡು ತುದಿಗೆ ಬಣ್ಣದ ಟೇಪ್ ಅಂಟಿಸಿ, ಕಾಲಿಗೆ ಸಿಗುವ ಚಾಪೆ, ವಯರು ತೆಗೆಯಿರಿ, ಒದ್ದೆ ಕೊಡೆ ಇಡುವ ಜಾಗ ಬೇರೆ ಕಡೆಗೆ ಮಾಡಿ. ತಿರುಗುವಾಗಲೇ ಹೆಚ್ಚು ಬೀಳುವುದು, ಆದ್ದರಿಂದ ಎರಡೂ ತುದಿಯಲ್ಲಿ ಹಿಡಿಯಲು ಗೋಡೆಯೋ ಕಂಬವೋ ಇರಲಿ. ಜಾಗ ಸಾಲದ ಫ್ಲ್ಯಾಟಿನವರಿಗೆ ಪೆಡಲ್ ಯಂತ್ರ.

ಹಂತ 8: ಲೆಕ್ಕ ಇಡುವುದು

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಮೂರು ಅಂಕಿ ಸಾಕು: ನಿಮಿಷ, ಮುಗಿಸಿದಾಗಿನ ನಾಡಿ, ಬಿಪಿ. ತಿಂಗಳಿಗೊಮ್ಮೆ ಅದೇ ಹತ್ತು ಮೀಟರ್ ಗೆರೆಯ ಮೇಲೆ ಆರು ನಿಮಿಷ ನಡೆಸಿ ಸುತ್ತು ಎಣಿಸಿ. ಆಸ್ಪತ್ರೆಯಲ್ಲಿ ಉದ್ದದ ದಾರಿಯಲ್ಲಿ ಅಳೆಯುವುದರಿಂದ ಅಲ್ಲಿನ ಅಂಕಿಗೆ ಇದನ್ನು ಹೋಲಿಸಬೇಡಿ, ಮನೆಯ ಹಿಂದಿನ ತಿಂಗಳಿನದ್ದಕ್ಕೆ ಮಾತ್ರ ಹೋಲಿಸಿ. ಎರಡು ತಿಂಗಳಾದರೂ ಸುತ್ತು ಹೆಚ್ಚದಿದ್ದರೆ ಜೋರು ಸಾಲದು ಎಂದರ್ಥ, ಅಥವಾ ಎಎಫ್‌ಒ, ಮಂಡಿನೋವು, ಮನಸ್ಸಿನ ಕುಗ್ಗು ಇಂಥದ್ದೇನೋ ಅಡ್ಡ ಬಂದಿದೆ. ಕ್ಯಾಲೆಂಡರನ್ನೇ ಹಿಡಿದುಕೊಂಡು ಥೆರಪಿಸ್ಟ್ ಹತ್ತಿರ ಹೋಗಿ.

ನಡುವೆ ಮದುವೆ, ಜ್ವರ, ಆಸ್ಪತ್ರೆ ಎಂದು ಒಂದು ವಾರಕ್ಕಿಂತ ಹೆಚ್ಚು ನಿಂತುಹೋದರೆ ಬಿಟ್ಟಲ್ಲಿಂದ ಶುರುಮಾಡಬೇಡಿ. ಮೊದಲು ಮಾಡುತ್ತಿದ್ದ ನಿಮಿಷಗಳ ಅರ್ಧಕ್ಕೆ ಇಳಿದು ಒಂದು ವಾರ ಮಾಡಿ, ಆಮೇಲೆ ಏರಿಸಿ. ಒಂದು ತಿಂಗಳು ದಾಟಿದ್ದರೆ ಐದು ನಿಮಿಷದಿಂದಲೇ. ಆಸ್ಪತ್ರೆ ಸೇರಿ ಬಂದದ್ದಾದರೆ ಹಂತ 1ರ ಚೀಟಿ ಮತ್ತೆ ಬೇಕು, ಮಾತ್ರೆಗಳು ಬದಲಾಗಿರುತ್ತವೆ.